ಹಳೆಯ ಹೊಲಿಗೆ ಮೆಷಿನ್ನಿನ ಟೆನ್ಷನ್: ನಾಬ್‌ಗೆ ಕೈ ಹಾಕುವ ಮುಂಚೆ

ಅಡಿಯಲ್ಲಿ ಕುಣಿಕೆ ಬಿದ್ದರೆ ತೊಂದರೆ ಮೇಲಿರುತ್ತದೆ. ಬಟ್ಟೆಯ ಕೆಳಬದಿಯಲ್ಲಿ ಸಡಿಲವಾಗಿ ಜೋತುಬಿದ್ದಿರುವುದು ಬಾಬಿನ್ (ಕೆಳಗಿನ ಉರುಳೆ) ದಾರವಲ್ಲ, ಸೂಜಿಯ ದಾರ. ಅದನ್ನು ವಾಪಸ್ ಮೇಲಕ್ಕೆ ಎಳೆದುಕೊಳ್ಳುವ ಬಿಗಿ, ಅಂದರೆ ಟೆನ್ಷನ್, ಸಾಲದೆ ಅಲ್ಲೇ ಉಳಿದಿದೆ. ಇಷ್ಟು ಗೊತ್ತಿದ್ದರೂ ಬಹಳ ಜನರ ಕೈ ಮೊದಲು ಹೋಗುವುದು ಬಾಬಿನ್ ಕೂರುವ ಡಬ್ಬಿಯ, ಅಂದರೆ ಬಾಬಿನ್ ಕೇಸಿನ, ಸ್ಕ್ರೂಗೆ. ಅಲ್ಲಿಂದ ಮುಂದೆ ಯಾವುದು ಮೂಲ ತೊಂದರೆ, ಯಾವುದು ನಾವೇ ಮಾಡಿಕೊಂಡದ್ದು ಎಂದು ಬಿಡಿಸುವುದೇ ಕಷ್ಟ.

ಇಲ್ಲಿ ಹೇಳುತ್ತಿರುವುದು 1950ರ ದಶಕದ ಒಂಟಿ ಸೂಜಿಯ ಲಾಕ್‌ಸ್ಟಿಚ್ (ಮೇಲಿನ, ಕೆಳಗಿನ ದಾರ ಹೆಣೆದುಕೊಳ್ಳುವ ಹೊಲಿಗೆಯ) ಮೆಷಿನ್ ಬಗ್ಗೆ. ರೋಟರಿ ಹುಕ್ (ಸೂಜಿಯ ದಾರವನ್ನು ಹಿಡಿದು ಬಾಬಿನ್ ಸುತ್ತ ಒಯ್ಯುವ, ಸುತ್ತುವ ಕೊಕ್ಕೆ), ಕೈಯಲ್ಲಿ ಎಣ್ಣೆ ಬಿಡುವ ಮಾದರಿ, 16×95 ಸೂಜಿ. ಅದೇ ಸೂಜಿ ಈಗ ಡಿಬಿ×1 ಎಂಬ ಹೆಸರಲ್ಲೂ ಸಿಗುತ್ತದೆ. ಕೆಳಗೆ ಕುಣಿಕೆ ಬೀಳುತ್ತಿತ್ತು, ಆದರೆ ಎಲ್ಲ ಕಡೆ ಅಲ್ಲ. ಒಂದು ಗೇಣು ಚೆನ್ನಾಗಿ ಹೊಲಿದು ಮುಂದಿನ ನಾಲ್ಕು ಬೆರಳು ಕೆಡುತ್ತಿತ್ತು. ದಪ್ಪ ಮಡಿಕೆ ಹತ್ತಿದಲ್ಲೆಲ್ಲ ಖಂಡಿತ ಕೆಡುತ್ತಿತ್ತು. ಮೇಲಿನ ದಾರದ ಬಿಗಿ ಹೊಂದಿಸುವ ನಾಬ್ ಎರಡು ಸುತ್ತು ಬಿಗಿ ಮಾಡಿದರೂ ಏನೂ ಬದಲಾಗುತ್ತಿರಲಿಲ್ಲ.

ಕುಣಿಕೆ ಎಲ್ಲ ಕಡೆ ಬೀಳುತ್ತಿರಲಿಲ್ಲ ಎಂಬುದು ಮುಖ್ಯ. ಹೊಲಿಗೆ ಒಂದೇ ಸಮನೆ ಕೆಟ್ಟಿದ್ದರೆ ಅದು ಹೊಂದಾಣಿಕೆಯ ತಪ್ಪು, ಸ್ಕ್ರೂ ತಿರುಗಿಸಿದರೆ ಸರಿಹೋಗುತ್ತದೆ. ಒಮ್ಮೆ ಸರಿ, ಒಮ್ಮೆ ಕೆಡುಕು ಎಂದಾದರೆ ಕೊಳೆ, ಸವೆತ ಅಥವಾ ಎಲ್ಲೋ ಒಂದು ಕಡೆ ದಾರ ಸಿಕ್ಕಿಕೊಳ್ಳುತ್ತಿದೆ. ಅಲೆದಾಡುವ ತೊಂದರೆಯನ್ನು ಸ್ಕ್ರೂ ತಿರುಗಿಸಿ ಹಿಡಿಯಲು ಹೋದರೆ ದಿನವಿಡೀ ತಿರುಗಿಸುತ್ತಲೇ ಇರಬೇಕು.

ಮೊದಲು ಪರೀಕ್ಷೆಯ ಬಟ್ಟೆ. ಮಧ್ಯಮ ದಪ್ಪದ ಹತ್ತಿ ಬಟ್ಟೆಯ ಎರಡು ಪದರ, ಮೇಲೆ ಕೆಂಪು ದಾರ, ಕೆಳಗೆ ನೀಲಿ. ಬಣ್ಣ ಮಾತ್ರ ಬೇರೆ; ಕಂಪನಿ, ದಪ್ಪ ಎರಡೂ ಒಂದೇ ಇರಬೇಕು. ಹೊಲಿಗೆ 3 ಮಿ.ಮೀ. ಉದ್ದಕ್ಕೆ ಇಟ್ಟು 30 ಸೆಂ.ಮೀ. ಹೊಲಿದು, ಬಟ್ಟೆ ಮೇಲೆ ಪೆನ್ಸಿಲ್ಲಿನಲ್ಲಿ ಏನು ಬದಲಾಯಿಸಿದ್ದು ಎಂದು ಬರೆದಿಡುತ್ತೇನೆ. ಹೀಗೆ ಬರೆಯದಿದ್ದರೆ ಹತ್ತನೇ ತುಂಡಿನ ಹೊತ್ತಿಗೆ ತಲೆ ಕೆಡುತ್ತದೆ. ಬಟ್ಟೆಯ ಓರೆಗೆ ಹೊಲಿದ ಒಂದು ಸಾಲನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರೆ ಯಾವ ದಾರ ಮೊದಲು ಕಡಿಯುತ್ತದೋ ಅದೇ ಹೆಚ್ಚು ಬಿಗಿ. ಎರಡೂ ಜೊತೆಯಲ್ಲೇ ಕಡಿದರೆ ಸಮ.

ಸೂಜಿ ಹೊಸದು ಹಾಕಿದೆ. ಟೆಕ್ಸ್ (ದಾರದ ದಪ್ಪದ ಅಳತೆ) 40 ದಾರಕ್ಕೆ 100/16 ನಂಬರಿನ ಸೂಜಿ, ಟೆಕ್ಸ್ 27ರ ತೆಳು ದಾರಕ್ಕೆ 90/14, ಟೆಕ್ಸ್ 60ಕ್ಕೆ 110/18. ಸಂದೇಹವಿದ್ದರೆ ಅರ್ಧ ಮೀಟರ್ ದಾರವನ್ನು ಸೂಜಿಗೆ ಪೋಣಿಸಿ, ಎರಡು ತುದಿ ಹಿಡಿದು ಓರೆಯಾಗಿ ಎತ್ತಿ. ಸೂಜಿ ತಾನಾಗಿ ಕೆಳಗೆ ಜಾರಬೇಕು. ನಡುವೆ ನಿಂತರೆ ಕಣ್ಣು ಚಿಕ್ಕದಾಯಿತು. ಆ ಸೂಜಿಯಲ್ಲಿ ಟೆನ್ಷನ್ ಎಷ್ಟು ಸರಿಮಾಡಿದರೂ ದಾರ ಬಿಗಿಯುತ್ತದೆ. ಈ ಸೂಜಿಗಳ ಬುಡ ಗುಂಡಗಿರುತ್ತದೆ. ಮನೆ ಮೆಷಿನ್ನಿನ ಸೂಜಿಯಂತೆ ಚಪ್ಪಟೆ ಬದಿ ಇಲ್ಲದ್ದರಿಂದ ಸ್ವಲ್ಪ ತಿರುಚಿ ಕೂತರೂ ಗೊತ್ತಾಗುವುದಿಲ್ಲ. ಸೂಜಿಯ ಮೈಮೇಲಿನ ಉದ್ದ ತೋಡು ದಾರ ಒಳಹೋಗುವ ಬದಿಗೆ, ಕಣ್ಣಿನ ಮೇಲಿನ ತಗ್ಗು ಹುಕ್ಕಿನ ಮೊನೆಯ ಬದಿಗೆ ನೇರವಾಗಿ ಇರಬೇಕು. ಇನ್ನೊಂದು ಸಣ್ಣ ಸೂಜಿಯನ್ನು ಕಣ್ಣೊಳಗೆ ತೂರಿಸಿದರೆ ಅದು ತೋರುಬೆರಳಿನಂತೆ ದಿಕ್ಕು ಹೇಳುತ್ತದೆ.

ದಾರದ ಸ್ಟ್ಯಾಂಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಲಿನ ಕೊಕ್ಕೆ ದಾರದ ಕೋನಿನ ನಡುಮಧ್ಯಕ್ಕೆ ನೇರ ಮೇಲಿರಬೇಕು, ಎತ್ತರ ಕೋನಿನ ಎರಡು ಪಟ್ಟಿಗಿಂತ ಕಡಿಮೆ ಬೇಡ. ಓರೆಯಾಗಿದ್ದರೆ ಪ್ರತಿ ಸುತ್ತಿಗೂ ದಾರ ಕೋನಿನ ಅಂಚಿಗೆ ಉಜ್ಜಿ ಜಗ್ಗುತ್ತದೆ.

ಬಾಬಿನ್ ಕೇಸ್ ಬಿಚ್ಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿದ ತಟ್ಟೆ ಇಡಿ. ಪಕ್ಕದ ಪಟ್ಟಿ ಸ್ಪ್ರಿಂಗ್‌ಗೆ ಎರಡು ಸ್ಕ್ರೂ: ಒಂದು ಅದನ್ನು ಹಿಡಿದಿಡಲು, ಇನ್ನೊಂದು ಬಿಗಿ ಹೊಂದಿಸಲು. ಎರಡೂ ಅಕ್ಕಿನುಚ್ಚಿನಷ್ಟು, ನೆಲಕ್ಕೆ ಬಿದ್ದರೆ ಸಿಗುವುದಿಲ್ಲ. ಸ್ಪ್ರಿಂಗ್ ಎತ್ತಿದಾಗ ಅದರಡಿ ಬೂದು ಬಣ್ಣದ ಒಂದು ಮುದ್ದೆ ಸಿಕ್ಕಿತು. ನೂಲಿನ ಧೂಳು ಎಣ್ಣೆಯಲ್ಲಿ ನೆನೆದು ಉಣ್ಣೆಯ ತುಣುಕಿನಂತೆ ಗಟ್ಟಿಯಾಗಿ, ಸಾಸಿವೆಗಿಂತ ತುಸು ಚಿಕ್ಕದಾಗಿತ್ತು. ದಾರ ಇದರ ಮೇಲೆ ಹತ್ತಿ ಹಾಯುವಾಗ ಸ್ಪ್ರಿಂಗ್ ಎತ್ತಿಕೊಂಡು ಸಡಿಲ, ಪಕ್ಕಕ್ಕೆ ಜಾರಿದಾಗ ಬಿಗಿ. ಅಲೆದಾಡುವ ಹೊಲಿಗೆಗೆ ಒಂದು ಕಾರಣ ಇಲ್ಲೇ ಇತ್ತು. ಬಿಚ್ಚುವ ಧೈರ್ಯವಿಲ್ಲದವರು ದಪ್ಪ ಕಾಗದದ ಮೂಲೆಯನ್ನು ಸ್ಪ್ರಿಂಗ್ ಅಡಿಯಲ್ಲಿ ಆಚೀಚೆ ಎಳೆದರೂ ಅರ್ಧ ಕೆಲಸವಾಗುತ್ತದೆ. ಪಿನ್ನು, ಬ್ಲೇಡು ಹಾಕಬೇಡಿ, ಗೀರು ಬೀಳುತ್ತದೆ.

ಸ್ಪ್ರಿಂಗಿನ ಒಳಮುಖದಲ್ಲಿ ದಾರ ಕೊರೆದ ಕಾಲುವೆ ಇದೆಯೇ ಎಂದು ಉಗುರು ಆಡಿಸಿ ನೋಡಬೇಕು. ಉಗುರು ಸಿಕ್ಕಿದರೆ ಸ್ಪ್ರಿಂಗ್ ಬದಲಿಸುವುದೇ ದಾರಿ, ಉಜ್ಜಿ ತೆಳ್ಳಗೆ ಮಾಡಿದರೆ ಅದರ ಬಿಗಿಯೇ ಹೋಗುತ್ತದೆ. ಜೋಡಿಸಿದ ಮೇಲೆ ತೂಗುಪರೀಕ್ಷೆ: ತುಂಬಿದ ಬಾಬಿನ್ ಹಾಕಿದ ಕೇಸನ್ನು ದಾರದಲ್ಲಿ ನೇತುಹಾಕಿದರೆ ತಾನಾಗಿ ಇಳಿಯಬಾರದು, ಮಣಿಕಟ್ಟಿನಿಂದ ಮೆಲ್ಲಗೆ ಜಗ್ಗಿದರೆ ಎರಡು ಮೂರು ಸೆಂ.ಮೀ. ಇಳಿದು ನಿಲ್ಲಬೇಕು. ಸ್ಕ್ರೂವನ್ನು ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ತಿರುಗಿಸುವುದಿಲ್ಲ. ಬಾಬಿನ್ ಅಲ್ಯೂಮಿನಿಯಮ್ಮಿನದಾದರೆ ಹಗುರ, ಅಳತೆ ಬೇರೆ ಬರುತ್ತದೆ. ಪರೀಕ್ಷೆಗೆ ಯಾವಾಗಲೂ ಒಂದೇ ಬಾಬಿನ್ ಇರಲಿ. ಅಂಚಿನ ತನಕ ತುಂಬಿದ, ಒಂದು ಬದಿಗೆ ಉಬ್ಬಿದ ಬಾಬಿನ್ ಯಾವ ಸ್ಕ್ರೂಗೂ ಬಗ್ಗುವುದಿಲ್ಲ. ಐದರಲ್ಲಿ ನಾಲ್ಕು ಪಾಲು ತುಂಬಿದರೆ ಸಾಕು. ಪಾಲಿಯೆಸ್ಟರ್ ದಾರವನ್ನು ತೀರಾ ಬಿಗಿಯಾಗಿ ಸುತ್ತಿದರೆ ಅದು ಹಿಗ್ಗಿಕೊಂಡೇ ಹೊಲಿಗೆಗೆ ಹೋಗಿ, ಆಮೇಲೆ ಕುಗ್ಗಿ ಬಟ್ಟೆ ಸುಕ್ಕಾಗುತ್ತದೆ. ಸುಕ್ಕು ಕಂಡವರು ಟೆನ್ಷನ್ನನ್ನು ಬೈಯುತ್ತಾರೆ.

ಈಗ ಮೇಲಿನ ಟೆನ್ಷನ್. ಬಿಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ಬಟ್ಟೆ ಒತ್ತಿಹಿಡಿಯುವ ಫುಟ್ ಎತ್ತಿ ದಾರ ಎಳೆಯಿರಿ, ಸಲೀಸಾಗಿ ಬರಬೇಕು. ಫುಟ್ ಇಳಿಸಿ ಎಳೆಯಿರಿ, ಕೈಗೆ ಸ್ಪಷ್ಟವಾಗಿ ತಡೆ ಸಿಗಬೇಕು. ನನ್ನ ಮೆಷಿನ್ನಿನಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಅಂದರೆ ದಾರವನ್ನು ನಡುವೆ ಒತ್ತಿಹಿಡಿಯುವ ಎರಡು ಡಿಸ್ಕ್‌ಗಳು ಪೂರ್ತಿ ಮುಚ್ಚುತ್ತಿಲ್ಲ.

ಒಳಗಿನ ಸಂಗತಿ ಇಷ್ಟು. ಟೆನ್ಷನ್ನಿನ ನಡುವಿನ ಕಂಬಿ ಟೊಳ್ಳು, ಅದರೊಳಗೆ ಒಂದು ತೆಳು ಪಿನ್. ಫುಟ್ ಎತ್ತಿದಾಗ ಒಳಗಿನ ಲಿವರ್ ಪಿನ್ನನ್ನು ಹೊರಕ್ಕೆ ತಳ್ಳುತ್ತದೆ. ಪಿನ್ ಒಂದು ವಾಷರನ್ನು ತಳ್ಳಿ ಸ್ಪ್ರಿಂಗಿನ ಒತ್ತಡವನ್ನು ಡಿಸ್ಕ್‌ಗಳಿಂದ ಎತ್ತಿಹಿಡಿಯುತ್ತದೆ. ಹಳೆಯ ಎಣ್ಣೆ ಒಣಗಿ ಅಂಟಾಗಿ ಪಿನ್ ಅಲ್ಲೇ ಕಚ್ಚಿಕೊಂಡರೆ, ಸ್ಪ್ರಿಂಗಿನ ಭಾರ ಡಿಸ್ಕ್ ಮೇಲೆ ಬೀಳುವ ಬದಲು ಪಿನ್ನಿನ ತಲೆಯ ಮೇಲೆ ಕೂರುತ್ತದೆ. ಆಗ ನಾಬ್ ಎಷ್ಟು ತಿರುಗಿಸಿದರೂ ಬಿಗಿಯಾಗುವುದು ಸ್ಪ್ರಿಂಗ್ ಮಾತ್ರ, ದಾರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ.

ಬಿಚ್ಚುವಾಗ ಒಂದೊಂದು ಭಾಗ ಬಂದಂತೆಲ್ಲ ಫೋಟೋ ತೆಗೆದು, ಬಂದ ಕ್ರಮದಲ್ಲೇ ಸಾಲಾಗಿ ಇಟ್ಟೆ: ನಾಬ್, ಸ್ಪ್ರಿಂಗ್, ವಾಷರ್, ಎರಡು ಡಿಸ್ಕ್, ಕೊನೆಗೆ ಚೆಕ್ ಸ್ಪ್ರಿಂಗ್ (ಇದರ ಕೆಲಸ ಮುಂದೆ ಹೇಳುತ್ತೇನೆ). ಡಿಸ್ಕ್‌ಗಳ ಉಬ್ಬಿದ ಮುಖ ಒಂದಕ್ಕೊಂದು ಎದುರಾಗಿರಬೇಕು. ಬೇರೆಯವರು ಕೈಯಾಡಿಸಿದ ಮೆಷಿನ್ನುಗಳಲ್ಲಿ ಇದು ಉಲ್ಟಾ ಇರುವುದುಂಟು. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಒಂದು ಗಂಟೆ ನೆನೆಸಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಲ್ಲಿ ಉಜ್ಜಿ ಒರೆಸಿದೆ. ಡಿಸ್ಕ್ ಮೇಲೆ ದಾರ ಹಾಯುವ ಜಾಗದಲ್ಲಿ ತುಕ್ಕಿನ ಚುಕ್ಕಿಗಳಿದ್ದವು. 1500 ನಂಬರಿನ ನೀರುಕಾಗದದಲ್ಲಿ (ನೀರು ಹಾಕಿ ಉಜ್ಜುವ ಮರಳುಕಾಗದ) ಹಗುರವಾಗಿ ಉಜ್ಜಿ, ಆಮೇಲೆ ಲೋಹದ ಪಾಲಿಶ್ ಹಾಕಿ ಹೊಳೆಯುವಂತೆ ಮಾಡಿದೆ. ಪಾಲಿಶ್ ಪೂರ್ತಿ ತೊಳೆದು ತೆಗೆಯಬೇಕು. ಡಿಸ್ಕ್‌ಗೆ ಎಣ್ಣೆ ಬೇಡವೇ ಬೇಡ. ಅದು ಕೆಲಸ ಮಾಡುವುದೇ ಒಣ ಉಜ್ಜಾಟದ ಮೇಲೆ. ಪ್ರತಿ ಹೊಲಿಗೆಗೂ ದಾರವನ್ನು ಮೇಲಕ್ಕೆಳೆಯುವ ಟೇಕಪ್ ಲಿವರಿನ ತೂತಿನಲ್ಲಿ ಸಣ್ಣ ಗೀರಿತ್ತು. ಹತ್ತಿಯ ಹುರಿಗೆ ಅದೇ ಪಾಲಿಶ್ ಹಚ್ಚಿ ತೂತಿನೊಳಗೆ ಮಜ್ಜಿಗೆ ಕಡೆದಂತೆ ಆಚೀಚೆ ಎಳೆದಾಗ ನುಣ್ಣಗಾಯಿತು.

ಪಿನ್ನನ್ನು ಗಾಜಿನ ಮೇಲೆ ಉರುಳಿಸಿದರೆ ನೆಟ್ಟಗಿದೆಯೋ ಇಲ್ಲವೋ ಕಾಣುತ್ತದೆ. ವಾಪಸ್ ಹಾಕಿದ ಮೇಲೆ ತನ್ನ ಭಾರಕ್ಕೇ ಜಾರಬೇಕು.

ಇಷ್ಟಾದರೂ ದಪ್ಪ ಮಡಿಕೆಯ ಮೇಲೆ ಕುಣಿಕೆ ನಿಲ್ಲಲಿಲ್ಲ. ಕಾರಣ ಬೇರೆ: ಟೆನ್ಷನ್ನಿನ ಇಡೀ ಕೊಳವೆಯನ್ನು ಮೆಷಿನ್ನಿನ ತಲೆಯೊಳಗೆ ಒಂದು ಸೆಟ್ ಸ್ಕ್ರೂ ಹಿಡಿದಿರುತ್ತದೆ. ಕೊಳವೆಯನ್ನು ಹೆಚ್ಚು ಒಳಕ್ಕೆ ಕೂರಿಸಿದರೆ ಪಿನ್ನಿನ ಬುಡ ಲಿವರಿಗೆ ತೀರಾ ಹತ್ತಿರವಾಗುತ್ತದೆ. ನಾಲ್ಕು ಪದರದ ಮೇಲೆ ಫುಟ್ 3 ಮಿ.ಮೀ. ಎದ್ದರೂ ಸಾಕು, ಹೊಲಿಯುತ್ತಿರುವಾಗಲೇ ಡಿಸ್ಕ್ ಬಾಯಿಬಿಡುತ್ತದೆ. ಸೆಟ್ ಸ್ಕ್ರೂ ಸಡಿಲಿಸಿ ಕೊಳವೆಯನ್ನು ಅರ್ಧ ಮಿ.ಮೀ.ನಷ್ಟು ಹೊರಕ್ಕೆ ಎಳೆದು ಬಿಗಿದೆ. ಈಗ ಫುಟ್ ಅರ್ಧಕ್ಕಿಂತ ಹೆಚ್ಚು ಎದ್ದ ಮೇಲೆಯೇ ಡಿಸ್ಕ್ ತೆರೆಯುತ್ತದೆ. ಪಿನ್ ಉಜ್ಜಿ ಗಿಡ್ಡ ಮಾಡುವವರಿದ್ದಾರೆ, ಆದರೆ ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ. ಕೊಳವೆ ಸರಿಸಿ ನೋಡುವುದೇ ಮೊದಲು.

ಚೆಕ್ ಸ್ಪ್ರಿಂಗನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸೂಜಿ ಇಳಿಯುವಾಗ ದಾರ ಸಡಿಲಾಗಿ ಸೂಜಿಯ ಮೊನೆಗೇ ಸಿಕ್ಕದಂತೆ ಆ ಸಡಿಲನ್ನು ಹಿಡಿದಿಡುವುದು ಇದರ ಕೆಲಸ. ಲೆಕ್ಕ ಹೀಗೆ: ವೀಲನ್ನು ಕೈಯಲ್ಲಿ ತಿರುಗಿಸುತ್ತ ಸೂಜಿ ಇಳಿಸಿ, ಸೂಜಿಯ ಕಣ್ಣು ಬಟ್ಟೆ ಮುಟ್ಟುವ ಹೊತ್ತಿಗೆ ಸ್ಪ್ರಿಂಗ್ ತನ್ನ ಓಟ ಮುಗಿಸಿ ತಡೆಗೆ ಒರಗಬೇಕು. ಮೊದಲೇ ನಿಂತರೆ ಮೊನೆ ದಾರವನ್ನು ಸೀಳುತ್ತದೆ. ತಡವಾದರೆ ಹುಕ್ಕಿಗೆ ಬೇಕಾದ ದಾರವನ್ನು ಇದೇ ಎಳೆದುಕೊಂಡು ಹೊಲಿಗೆ ಬಿಟ್ಟುಹೋಗುತ್ತದೆ. ನನ್ನ ಮೆಷಿನ್ನಿನಲ್ಲಿ ಓಟ ಸುಮಾರು 8 ಮಿ.ಮೀ.ಗೆ ಬಂದಾಗ ಇದು ಕೂಡಿಬಂತು. ಸೆಟ್ ಸ್ಕ್ರೂ ಸಡಿಲಿಸಿ ಇಡೀ ಕೊಳವೆ ತಿರುಗಿಸಿದರೆ ಓಟ ಬದಲಾಗುತ್ತದೆ. ನಡುವಿನ ಕಂಬಿಯ ಸೀಳಿಗೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದರೆ ಸ್ಪ್ರಿಂಗಿನ ಬಲ ಬದಲಾಗುತ್ತದೆ. ಕೊಳವೆ ತಿರುಗಿಸುವಾಗ ಮೊದಲು ಹೊಂದಿಸಿದ ಆಳ ತಪ್ಪದಂತೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಗೆರೆ ಇಲ್ಲದಿದ್ದರೆ ಪಿನ್ನಿನ ಕೆಲಸ ಮತ್ತೆ ಮೊದಲಿಂದ.

ಕೆಳಗೆ ಇನ್ನೊಂದು ಜಾಗವಿದೆ. ಬಾಬಿನ್ ಕೇಸ್ ಕೂರುವ ಬುಟ್ಟಿ ಹುಕ್ಕಿನ ಜೊತೆ ಸುತ್ತದಂತೆ ಒಂದು ಬೆರಳು ಅದರ ತಗ್ಗಿನಲ್ಲಿ ಕೂತು ತಡೆಯುತ್ತದೆ. ಸೂಜಿಯ ದಾರ ಪ್ರತಿ ಹೊಲಿಗೆಗೂ ಬೆರಳು ಮತ್ತು ಬುಟ್ಟಿಯ ಸಂದಿಯಿಂದಲೇ ನುಸುಳಿ ಹೋಗಬೇಕು. ಸಂದಿ ಕಿರಿದಾದರೆ ದಾರ ಒಂದು ಕ್ಷಣ ಸಿಕ್ಕಿ 'ಟಕ್' ಎಂದು ಬಿಡುತ್ತದೆ, ಹೊಲಿಗೆ ಮಧ್ಯೆ ಮಧ್ಯೆ ಕುಣಿಕೆಯಾಗುತ್ತದೆ. ಸಂದಿ ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜಿನಲ್ಲಿ ಸುಮಾರು 0.5 ಮಿ.ಮೀ. ಇಟ್ಟೆ, ದಪ್ಪ ದಾರಕ್ಕೆ ಇನ್ನೂ ಸ್ವಲ್ಪ ಬೇಕು. ಬೆರಳಿನ ಅಂಚಿನಲ್ಲಿ ಸೂಜಿ ಬಡಿದ ಕಚ್ಚು ಇತ್ತು, ಅದನ್ನೂ ನೀರುಕಾಗದದಲ್ಲಿ ನುಣುಪು ಮಾಡಿದೆ. ಹುಕ್ಕಿನ ಮೊನೆ, ಸೂಜಿ ಪ್ಲೇಟಿನ ತೂತು ಇವುಗಳ ಮೇಲೆ ತೆಳು ನೈಲಾನ್ ಬಟ್ಟೆ ಆಡಿಸಿದರೆ ಸಾಕು. ಕಣ್ಣಿಗೆ ಕಾಣದ ಮುಳ್ಳು ಬಟ್ಟೆಗೆ ಸಿಗುತ್ತದೆ.

ಟೈಮಿಂಗ್, ಅಂದರೆ ಹುಕ್ಕಿನ ಮೊನೆ ಸೂಜಿಯನ್ನು ಸಂಧಿಸುವ ಹೊತ್ತು, ನೋಡಿದೆ, ಮುಟ್ಟಲಿಲ್ಲ. ಸೂಜಿ ಅತಿ ಕೆಳಗಿನಿಂದ 2.2 ಮಿ.ಮೀ. ಮೇಲೆದ್ದಾಗ ಹುಕ್ಕಿನ ಮೊನೆ ಸೂಜಿಯ ನಡುವಿಗೆ, ಕಣ್ಣಿಗಿಂತ ಒಂದೂವರೆ ಮಿ.ಮೀ. ಮೇಲೆ ಬರುತ್ತಿತ್ತು. ಸೂಜಿಗೂ ಮೊನೆಗೂ ಕಾಗದದ ಹಾಳೆಯಷ್ಟು ಅಂತರ. ಸರಿಯಿರುವ ಟೈಮಿಂಗನ್ನು ಟೆನ್ಷನ್ನಿಗಾಗಿ ಬದಲಿಸಿದರೆ ಎರಡು ರೋಗ ಆಗುತ್ತವೆ.

ಹೊಂದಿಸುವ ಕ್ರಮ ಇಷ್ಟೇ: ಕೆಳಗಿನದು ತೂಗುಪರೀಕ್ಷೆಯಲ್ಲಿ ಒಮ್ಮೆ ಇಟ್ಟ ಮೇಲೆ ಮುಗಿಯಿತು, ಮಿಕ್ಕಿದ್ದೆಲ್ಲ ಮೇಲಿನ ನಾಬಿನಲ್ಲಿ, ಫುಟ್ ಇಳಿಸಿಕೊಂಡೇ, ಒಂದು ಸಲಕ್ಕೆ ಕಾಲು ಸುತ್ತು. ಮೇಲಿನ ದಾರ ಕೆಳಗಿನದಕ್ಕಿಂತ ಹಲವು ಪಟ್ಟು ಬಿಗಿ ಇರುವುದು ಸಹಜ. ಅದು ಹುಕ್ಕಿನ ಸುತ್ತ ಬಳಸಿ ಬಂದು ಬಾಬಿನ್ ದಾರವನ್ನೂ ಬಟ್ಟೆಯೊಳಕ್ಕೆ ಎಳೆಯಬೇಕು. ನಾಬ್ ಪೂರ್ತಿ ಬಿಗಿದರೆ ಮಾತ್ರ ಸಮವಾಗುತ್ತದೆ ಎಂದಾದರೆ ಮೇಲೆ ಏನೋ ಉಳಿದಿದೆ, ಮತ್ತೆ ಪಿನ್ ನೋಡಿ.

ನಿಧಾನಕ್ಕೆ ಸರಿಬಂದ ಹೊಲಿಗೆ ಜೋರಾಗಿ ಓಡಿಸಿದಾಗ ಕೆಟ್ಟರೆ ಚೆಕ್ ಸ್ಪ್ರಿಂಗ್ ಸೋತಿರುತ್ತದೆ, ಇಲ್ಲವೇ ಹುಕ್ ಒಣಗಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದ ಹುಕ್ ಎಣ್ಣೆಯಿಲ್ಲದೆ ಬೇಗ ಬಿಸಿಯಾಗುತ್ತದೆ, ಆದ್ದರಿಂದ ಓಡಿಸುವ ಮುಂಚೆ ಅದರ ತೋಡಿಗೆ ಎರಡು ಹನಿ ಮೆಷಿನ್ ಎಣ್ಣೆ ಬಿಟ್ಟು, ಬೇಡದ ಬಟ್ಟೆಯ ಮೇಲೆ ಎಣ್ಣೆ ಕಲೆ ನಿಲ್ಲುವ ತನಕ ಹೊಲಿದೆ. ಕೊನೆಯ ಪರೀಕ್ಷೆಗೆ ಎರಡು ಪದರ, ಆರು ಪದರ, ಮತ್ತೆ ಎರಡು ಪದರ ಬರುವಂತೆ ಮಡಿಚಿದ ಪಟ್ಟಿ. ಆರು ಪದರ ಹತ್ತುವಲ್ಲಿ, ಇಳಿಯುವಲ್ಲಿ ಕೆಂಪು ದಾರ ಅಡಿಯಲ್ಲಿ ಸೂಜಿಮೊನೆಯಷ್ಟು ಚುಕ್ಕಿಯಾಗಿ ಮಾತ್ರ ಕಂಡಿತು. ಆ ಪಟ್ಟಿಯ ಮೇಲೆ ದಾರದ ನಂಬರು, ಸೂಜಿಯ ನಂಬರು, ನಾಬಿನ ಹೊರಗೆ ಕಾಣುವ ಕಂಬಿಯ ತಿರುಪು ಸುತ್ತುಗಳ ಸಂಖ್ಯೆ ಬರೆದು ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ.