ಸುತ್ತುವ ಗಂಟೆ, ಅರ್ಧಕ್ಕೆ ನಿಂತ ದಾಖಲೆ: ಆರೋಗ್ಯ ದತ್ತಾಂಶವನ್ನು ಲೆಕ್ಕ ಹಾಕುವ ಬಗೆ

ಮಂಡ್ಯದ ಆಸ್ಪತ್ರೆಯೊಂದರ ರಿಜಿಸ್ಟರಿನಲ್ಲಿ ಎದೆನೋವು ಶುರುವಾದ ಹೊತ್ತು ಒಬ್ಬರಿಗೆ ರಾತ್ರಿ 11, ಇನ್ನೊಬ್ಬರಿಗೆ ನಡುರಾತ್ರಿ ಕಳೆದು 1 ಗಂಟೆ ಎಂದಿದೆಯೆನ್ನಿ. 23 ಮತ್ತು 1ನ್ನು ಕೂಡಿ ಎರಡರಿಂದ ಭಾಗಿಸಿದರೆ ಸಿಗುವುದು ಮಧ್ಯಾಹ್ನ 12. ನಿಜವಾದ ಸರಾಸರಿ ನಡುರಾತ್ರಿ. ಆದ್ದರಿಂದ ದಿನದ 24 ಗಂಟೆಯನ್ನು 360 ಡಿಗ್ರಿಯ ವೃತ್ತವೆಂದೆಣಿಸಿ, ಪ್ರತಿ ಗಂಟೆಯನ್ನು 15ರಿಂದ ಗುಣಿಸಿ ಕೋನವಾಗಿಸಿ, ಎಲ್ಲ ಕೋನಗಳ ಸೈನ್ ಮತ್ತು ಕೊಸೈನ್‌ಗಳ ಸರಾಸರಿಯನ್ನು ಬೇರೆಬೇರೆಯಾಗಿ ತೆಗೆದು, ಆ ಎರಡರಿಂದ ದಿಕ್ಕನ್ನು ಮರಳಿ ಪಡೆಯಬೇಕು. ಆ ಎರಡು ಸರಾಸರಿಗಳ ವರ್ಗಗಳ ಮೊತ್ತದ ವರ್ಗಮೂಲ 1ಕ್ಕೆ ಹತ್ತಿರವಾದಷ್ಟೂ ಹೊತ್ತುಗಳು ಒಂದೆಡೆ ಗುಂಪುಗೂಡಿವೆ ಎಂದರ್ಥ. ಈ ಗುಂಪುಗೂಡುವಿಕೆ ಬರೀ ಆಕಸ್ಮಿಕವೇ ಎಂದು ಪರಿಶೀಲಿಸುವ ರೇಲೀ ಪರೀಕ್ಷೆ ಹುಡುಕುವುದು ಒಂದೇ ಶಿಖರವನ್ನು. ಬೆಳಿಗ್ಗೆ 6ಕ್ಕೂ ಸಂಜೆ 6ಕ್ಕೂ ಪ್ರಕರಣಗಳು ಸಮನಾಗಿದ್ದರೆ ಅದಕ್ಕೆ ಏನೂ ಕಾಣದು. ಹೀಗಾಗಿ ಮೊದಲು ವೃತ್ತದ ಮೇಲೆ ಚುಕ್ಕಿಯಿಟ್ಟು ಕಣ್ಣಾರೆ ನೋಡಿ.

ಇನ್ನು ಅಪೂರ್ಣ ದಾಖಲೆಗಳು. ಕಬ್ಬು ಕಟಾವಿಗೆ ಬಂದ ಕೂಲಿಯವರು ಚಿಕಿತ್ಸೆಯ ನಡುವೆಯೇ ಊರಿಗೆ ಮರಳಿದರೆ, ಅಲ್ಲಿಯವರೆಗೆ ಅವರು ಬದುಕಿದ್ದರೆಂಬ ಮಾಹಿತಿಯನ್ನು ಅಳಿಸುವುದು ದೊಡ್ಡ ತಪ್ಪೆಂದೇ ನಾನು ಭಾವಿಸುತ್ತೇನೆ. ಹತ್ತು ರೋಗಿಗಳಲ್ಲಿ 3ನೇ ತಿಂಗಳು ಇಬ್ಬರು ತೀರಿಕೊಂಡರು, 5ರಲ್ಲಿ ಮೂವರು ಊರು ಬಿಟ್ಟರು, 7ರಲ್ಲಿ ಉಳಿದ ಐವರಲ್ಲಿ ಒಬ್ಬರು ತೀರಿಕೊಂಡರು ಎಂದಿಟ್ಟುಕೊಳ್ಳಿ. ನಡುವೆ ಹೋದವರನ್ನು ಅವರು ಇದ್ದಷ್ಟು ಕಾಲ ಮಾತ್ರ ಲೆಕ್ಕಕ್ಕೆ ಹಿಡಿಯುವ 1958ರ ಕಪ್ಲಾನ್–ಮಯರ್ ವಿಧಾನದಲ್ಲಿ ಬದುಕುಳಿಯುವ ಅಂದಾಜು 0.8 (ಹತ್ತರಲ್ಲಿ ಎಂಟು) × 0.8 (ಐದರಲ್ಲಿ ನಾಲ್ಕು), ಅಂದರೆ 0.64, ಊರು ಬಿಟ್ಟವರನ್ನು ಕೈಬಿಟ್ಟರೆ 0.57, ಬದುಕುಳಿದವರೆಂದೇ ಎಣಿಸಿದರೆ 0.70. ಕಾಯಿಲೆ ಉಲ್ಬಣಿಸಿದ್ದರಿಂದಲೇ ಅವರು ಹೊರಟಿದ್ದರೆ ಈ 0.64 ಕೂಡ ಹೆಚ್ಚಾದೀತು. ಆದ್ದರಿಂದ ಕೊನೆಯ ಭೇಟಿಯ ದಿನಾಂಕದ ಪಕ್ಕದಲ್ಲಿ ಹೋದ ಕಾರಣವನ್ನೂ ತಪ್ಪದೆ ಬರೆದಿಡಿ.