ಮೊಹರಿಗೆ ಜಾಗ ಬಿಟ್ಟ ಕಾರ್ಡುಗಳು

ಜೈಲಿನಿಂದ ಹೊರಗೆ ಹೋಗುವ ಕಾಗದಗಳಲ್ಲಿ ಹೆಚ್ಚಿನವು ಬೇಡಿಕೆಯ ಕಾಗದಗಳು. ದುಡ್ಡು ಕಳಿಸಿ, ವಕೀಲರನ್ನು ವಿಚಾರಿಸಿ, ಪೆರೋಲ್‌ಗೆ ಜಾಮೀನು ನಿಲ್ಲಿ, ಹಬ್ಬಕ್ಕಾದರೂ ಬಂದು ಮುಖ ತೋರಿಸಿ. ಓದುವವರಿಗೂ ಒಂದು ಮಿತಿಯಿರುತ್ತದೆ. ಒಡಹುಟ್ಟಿದವರೇ ಕೊನೆಗೆ ಕಾಗದ ಒಡೆಯದೆ ಗೂಡಿನಲ್ಲಿಡುತ್ತಾರೆ. ನಾನು ಬರೆದ ಕಾಗದಗಳ ಗತಿಯೂ ಬಹುಪಾಲು ಅದೇ ಆಯಿತು. ಒಬ್ಬರ ಜೊತೆ ಮಾತ್ರ ಪತ್ರವ್ಯವಹಾರ ಬಿಡುಗಡೆಯವರೆಗೂ ನಡೆಯಿತು, ಇಂದಿಗೂ ನಡೆಯುತ್ತಿದೆ. ಅವರು ದಾವಣಗೆರೆಯ ವಕೀಲರು. ಕೋರ್ಟಿನಲ್ಲಿ ವಾದ ಮಾಡಿ ಗಳಿಸಿದ್ದಕ್ಕಿಂತ ಜೈಲು ಸುಧಾರಣೆ ಎಂದು ಓಡಾಡಿ ಕಳೆದದ್ದೇ ಹೆಚ್ಚು ಎಂದು ಅವರ ಮನೆಯವರ ದೂರು.

ನಾನು ಚಳ್ಳಕೆರೆ ತಾಲ್ಲೂಕಿನವನು. ಹೊಲದ ಬದುವಿನ ಜಗಳದಲ್ಲಿ ಒಬ್ಬರ ಜೀವ ಹೋಯಿತು, ನನಗೆ ಜೀವಾವಧಿ ಶಿಕ್ಷೆಯಾಯಿತು. ಆ ಮನೆಯವರು ಇದೇ ಸೀಮೆಯಲ್ಲಿದ್ದಾರೆ, ಹಾಗಾಗಿ ಆ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ.

ವಕೀಲರನ್ನು ಮೊದಲು ನೋಡಿದ್ದು ಚಿತ್ರದುರ್ಗದ ಜಿಲ್ಲಾ ಕಾರಾಗೃಹದಲ್ಲಿ, ನಾನಿನ್ನೂ ವಿಚಾರಣಾಧೀನ ಬಂದಿಯಾಗಿದ್ದಾಗ. ಕಾನೂನು ಅರಿವು ಕಾರ್ಯಕ್ರಮಕ್ಕೆ ಬಂದಿದ್ದರು. ಹಾರ, ದೀಪ ಬೆಳಗುವುದು ಎಲ್ಲ ಮುಗಿದ ಮೇಲೆ ಮೈಕು ಪಕ್ಕಕ್ಕಿಟ್ಟು, "ನೀರು, ಪಾಯಿಖಾನೆ, ಜಾಮೀನು. ಈ ಮೂರು ಸರಿಯಾದರೆ ಅರ್ಧ ಜೈಲು ಸುಧಾರಣೆ ಆದ ಹಾಗೆ. ಉಳಿದದ್ದೆಲ್ಲ ಭಾಷಣ" ಎಂದರು. ನ್ಯಾಯಮೂರ್ತಿ ಮುಲ್ಲಾ ಸಮಿತಿ 1983ರಲ್ಲೇ ಜೈಲುಗಳ ಬಗ್ಗೆ ದಪ್ಪ ವರದಿ ಕೊಟ್ಟಿತ್ತೆಂದೂ, ನಮ್ಮ ದೇಶದಲ್ಲಿ ವರದಿಗಳಿಗೆ ಬರವಿಲ್ಲವೆಂದೂ ಹೇಳಿ ಬೋರ್ಡಿನ ಮೇಲೆ ತಮ್ಮ ವಿಳಾಸ ಬರೆದು ಹೋದರು. ನಾನದನ್ನು ಬೀಡಿ ಕಟ್ಟಿನ ಕಾಗದದ ಮೇಲೆ ಗೀಚಿಕೊಂಡೆ.

ಶಿಕ್ಷೆಯಾಗಿ ದೂರದ ಕೇಂದ್ರ ಕಾರಾಗೃಹಕ್ಕೆ ಹೋದ ಮೇಲೆ ಆ ವಿಳಾಸ ನೆನಪಾಯಿತು. ಹಾಳೆಗಟ್ಟಲೆ ಬರೆದೆ. ತಾವೇ ತಂದೆ, ತಾವೇ ತಾಯಿ, ಈ ಪಾಪಿಯನ್ನು ಕಾಪಾಡಬೇಕು ಎಂಬ ಧಾಟಿ. ಉತ್ತರವಾಗಿ ಬಂದದ್ದು ಐವತ್ತು ಪೈಸೆಯ ಒಂದು ಪೋಸ್ಟ್ ಕಾರ್ಡು. ಹೆಸರಿನ ಹಿಂದೆ 'ಶ್ರೀ' ಇತ್ತು. ವಿಷಯ ಇಷ್ಟೇ: ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 60 ದಿನ ಕಾಲಾವಕಾಶವಿದೆ. ತೀರ್ಪಿನ ಪ್ರತಿಯನ್ನು ಪುಕ್ಕಟೆ ಕೊಡಬೇಕು, ಕೊಟ್ಟಿಲ್ಲವಾದರೆ ಕೇಳಿ. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 383ನೇ ಕಲಮಿನ ಪ್ರಕಾರ ಜೈಲಿನಲ್ಲಿರುವವನು ಅಧೀಕ್ಷಕರ ಕೈಗೇ ಮೇಲ್ಮನವಿ ಕೊಡಬಹುದು, ಕೋರ್ಟಿಗೆ ತಲುಪಿಸುವುದು ಅವರ ಕೆಲಸ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಬರೆಯಿರಿ, ಬಂಧನದಲ್ಲಿರುವವನಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕನ್ನು 1987ರ ಕಾಯ್ದೆಯೇ ಕೊಟ್ಟಿದೆ. ಕಾಪಾಡುವ ಮಾತೇ ಇರಲಿಲ್ಲ. ಕೊನೆಯ ಸಾಲು ಮಾತ್ರ ಬೇರೆ ಥರದ್ದು: "ನಿಮ್ಮ ಕಡೆ ಶೇಂಗಾ ಬಿತ್ತನೆಗೆ ಯಾವ ಮಳೆ ಕಾಯುತ್ತೀರಿ, ಆರಿದ್ರೆಯೋ ಪುನರ್ವಸುವೋ? ತಿಳಿಸಿ."

ಜೈಲಿಗೆ ಹೋದ ಮೇಲೆ ನನ್ನನ್ನು ಕೇಳಿದ್ದೆಲ್ಲ ಕೇಸಿನ ವಿಷಯ. ನನಗೆ ಗೊತ್ತಿರುವ, ತಮಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಯಾರೂ ಕೇಳಿರಲಿಲ್ಲ. ಮೇಲ್ಮನವಿಯ ಕೆಲಸ ಮುಗಿಸಿಕೊಂಡು ಶೇಂಗಾ ಬಗ್ಗೆ ಬರೆಯಲು ಕುಳಿತೆ. ಮಳೆಯ ಹೆಸರು ಮುಖ್ಯವಲ್ಲ, ಕೆಂಪು ಮಸಬು ಭೂಮಿಯಲ್ಲಿ ಹದ ಮುಖ್ಯ ಎಂದು ಬರೆದೆ. ಹೂವು ಬಿಟ್ಟ ಮೇಲೆ ಅದರಿಂದ ಎಳೆಯೊಂದು ಮಣ್ಣಿಗಿಳಿಯುತ್ತದೆ, ಆ ಹೊತ್ತಿಗೆ ನೆಲದಲ್ಲಿ ಪಸೆ ಇರದಿದ್ದರೆ ಗಿಡ ಹಸಿರಾಗಿಯೇ ಕಾಣುತ್ತದೆ, ಕಿತ್ತು ನೋಡಿದರೆ ಜಳ್ಳು. ದಾರಿಯಲ್ಲಿ ಹೋಗುವವರು ಈ ವರ್ಷ ಬೆಳೆ ಚೆನ್ನಾಗಿದೆ ಎನ್ನುತ್ತಾರೆ, ಹೊಲದವನಿಗೆ ಮಾತ್ರ ಗೊತ್ತು ಎಂದು ಬರೆದೆ. ಇದರಲ್ಲಿ ನಾನು ಏನನ್ನೂ ಬೇಡಿರಲಿಲ್ಲ. ಉತ್ತರ ಬೇಗ ಬಂತು, ಇನ್ನಷ್ಟು ಪ್ರಶ್ನೆಗಳೊಂದಿಗೆ.

ಆಮೇಲೆ ಅವರು ಒಂದು ಕಟ್ಟುಪಾಡು ಹಾಕಿದರು. ಅರ್ಜಿ ಬೇರೆ, ಕಾಗದ ಬೇರೆ. ಅರ್ಜಿ ಇದ್ದರೆ ಯಾರಿಗೆ ಸೇರಬೇಕೋ ಅವರ ಹೆಸರಿಗೆ ಬೇರೆ ಹಾಳೆಯಲ್ಲಿ ಬರೆದು ಅಧೀಕ್ಷಕರ ಮೂಲಕ ಕಳಿಸಬೇಕು, ದಾಖಲೆಗೆ ಹತ್ತಿತೇ ಎಂದು ಕೇಳಿ ನಂಬರ್ ಬರೆದಿಟ್ಟುಕೊಳ್ಳಬೇಕು. ತಮಗೆ ಬರೆಯುವ ಕಾಗದದಲ್ಲಿ ಬೇಡಿಕೆ ಕೂಡದು. ಮೊದಮೊದಲು ಇದು ನನಗೆ ಗಡಸು ಎನಿಸಿತು. ಒಳಗಿದ್ದು ನೋಡಿದ ಮೇಲೆ ಅರ್ಥವಾಯಿತು. ಬಂದಿಯ ಕಾಗದಗಳನ್ನು ಕಚೇರಿಯಲ್ಲಿ ಒಬ್ಬರು ಓದುತ್ತಾರೆ. ಕ್ಷೇಮ ಸಮಾಚಾರದ ನಡುವೆ ದೂರು ತುರುಕಿದರೆ ಕಾಗದವೂ ನಿಲ್ಲುತ್ತದೆ, ದೂರೂ ನಿಲ್ಲುತ್ತದೆ, ಎಲ್ಲಿ ನಿಂತಿತೆಂದು ಕೇಳಲು ಆಧಾರವೂ ಇರುವುದಿಲ್ಲ. ಅರ್ಜಿಗೆ ನಂಬರ್ ಬಿದ್ದರೆ ಯಾರೋ ಒಬ್ಬರು ಅದಕ್ಕೆ ಉತ್ತರಿಸಬೇಕಾಗುತ್ತದೆ.

ಅವರು ಯಾವಾಗಲೂ ಕಾರ್ಡನ್ನೇ ಬರೆಯುತ್ತಿದ್ದರು. ಜೈಲಿನವರು ಹೇಗೂ ಓದುತ್ತಾರೆ, ಅಂಟು ಬಿಡಿಸುವ ಶ್ರಮ ಅವರಿಗೇಕೆ ಎಂಬುದು ಅವರ ವಾದ. ಅಕ್ಷರ ಸಾಸಿವೆ ಕಾಳಿನಷ್ಟು. ಜಾಗ ಸಾಲದಿದ್ದರೆ ಸಾಲು ಅಂಚಿಗೆ ತಿರುಗಿ ಕಾರ್ಡಿನ ಸುತ್ತ ಒಂದು ಸುತ್ತು ಬಂದು ಸಹಿಯ ಹತ್ತಿರ ಮುಗಿಯುತ್ತಿತ್ತು, ಓದುವಾಗ ಕಾರ್ಡನ್ನು ಕೈಯಲ್ಲಿ ತಿರುಗಿಸಬೇಕಿತ್ತು. ಪರಿಶೀಲನೆ ಆಯಿತೆಂದು ಹೊಡೆಯುವ ನೇರಳೆ ಶಾಯಿಯ ಮೊಹರು ಒಮ್ಮೆ ಸರಿಯಾಗಿ ನಡುಮಧ್ಯಕ್ಕೆ ಬಿದ್ದು ಎರಡು ಸಾಲು ನುಂಗಿತು. ಅದನ್ನು ಬರೆದು ತಿಳಿಸಿದೆ. ಮುಂದಿನ ಕಾರ್ಡಿನಿಂದ ಎಡಗಡೆ ಕೆಳಮೂಲೆಯಲ್ಲಿ ರೂಪಾಯಿಯಗಲ ಖಾಲಿ ಬಿಟ್ಟು 'ಮೊಹರಿಗೆ' ಎಂದು ಸಣ್ಣಗೆ ಬರೆಯತೊಡಗಿದರು. ಕಚೇರಿಯ ಗುಮಾಸ್ತರೂ ರಸಿಕರು. ಅಲ್ಲಿಂದ ಮುಂದೆ ಮೊಹರು ಅದೇ ಜಾಗಕ್ಕೆ ಬೀಳುತ್ತಿತ್ತು.

ಕಾರ್ಡು ನನ್ನ ಕೈ ಸೇರುವ ಮೊದಲೇ ವಾರ್ಡರ್‌ಗಳು ಓದಿರುತ್ತಿದ್ದರು. ಬ್ಯಾರಕ್ಕಿಗೆ ಬರುತ್ತಲೇ "ನಿಮ್ಮ ವಕೀಲರ ಬೀದಿಗೆ ಮಂಡಕ್ಕಿ ಭಟ್ಟಿಯ ಹೊಗೆ ಇನ್ನೂ ನಿಂತಿಲ್ಲವಂತೆ" ಎಂದು ಸುದ್ದಿ ಹೇಳುತ್ತಿದ್ದರು. ಸಂಜೆ ಎಣಿಕೆ ಮುಗಿದು ಬೀಗ ಬಿದ್ದ ಮೇಲೆ ನಾನು ಗಟ್ಟಿಯಾಗಿ ಓದುತ್ತಿದ್ದೆ. ದಾವಣಗೆರೆ ಕಡೆಯ ಒಬ್ಬ ಬೆಣ್ಣೆ ದೋಸೆಯ ಸುದ್ದಿ ಬಂದಿದೆಯೇ ಎಂದು ಪ್ರತಿ ಸಲ ಕೇಳುತ್ತಿದ್ದ. ಆ ವಿಷಯದಲ್ಲಿ ವಕೀಲರು ಕೊನೆಯವರೆಗೂ ಕೃಪೆ ತೋರಲಿಲ್ಲ.

ಸುನಿಲ್ ಬಾತ್ರಾ ಎಂಬ ಹೆಸರನ್ನು ನಾನು ತಿಳಿದದ್ದು ಇಂಥ ಒಂದು ಕಾರ್ಡಿನಿಂದ. ಬಾತ್ರಾ ತಿಹಾರ್ ಜೈಲಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದವನು. ಅಲ್ಲಿ ಇನ್ನೊಬ್ಬ ಬಂದಿಗೆ ಹೆಡ್ ವಾರ್ಡರ್ ಹಣಕ್ಕಾಗಿ ಕೊಟ್ಟ ಹಿಂಸೆಯನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗೆ ಕಾಗದ ಬರೆದು ತಿಳಿಸಿದ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದ್ದ ಪೀಠ ಆ ಕಾಗದವನ್ನೇ ಅರ್ಜಿಯೆಂದು ಎತ್ತಿಕೊಂಡಿತು. 1979ರ ಡಿಸೆಂಬರಿನಲ್ಲಿ ತೀರ್ಪು ಬಂತು. ಜೈಲುಗಳಲ್ಲಿ ದೂರು ಪೆಟ್ಟಿಗೆ ಇಡಬೇಕು, ಬಂದಿಗಳಿಗೆ ಕೈಪಿಡಿ ಸಿದ್ಧಪಡಿಸಿ ಹಂಚಬೇಕು ಎಂದು ನ್ಯಾಯಾಲಯ ಹೇಳಿದ್ದು ಆಗಲೇ. ಇಷ್ಟನ್ನು ಕಾರ್ಡಿನ ಒಂದು ಮಗ್ಗುಲಿನಲ್ಲಿ ಹಿಡಿಸಿ ಅಂಚಿನಲ್ಲಿ ವಕೀಲರು ಬರೆದಿದ್ದರು: "ಗಮನಿಸಿ, ಅವನು ಪಕ್ಕದವನಿಗಾಗಿ ಬರೆದ."

ನಾನು ಪಕ್ಕದವರಿಗಾಗಿ ಬರೆಯಲು ಶುರು ಮಾಡಿದ್ದು ಆಮೇಲೆ. ಮೊಳಕಾಲ್ಮೂರು ಕಡೆಯ ಮಗ್ಗದ ಮನೆಯ ಹುಡುಗನೊಬ್ಬ ವಿಚಾರಣಾಧೀನನಾಗಿದ್ದ. ಜಾಮೀನು ಸಿಕ್ಕಿತ್ತು, ಶೂರಿಟಿ, ಅಂದರೆ ಅವನಿಗೆ ಹೊಣೆ ನಿಲ್ಲುವವರು, ಸಿಕ್ಕಿರಲಿಲ್ಲ. ಪಹಣಿ ಇರುವವರು ಬೇಕು. ಮಗ್ಗ ಬಿಟ್ಟರೆ ಬೇರೇನೂ ಇಲ್ಲದವರ ಕಡೆಯಿಂದ ಪಹಣಿ ಹಿಡಿದು ಕೋರ್ಟಿಗೆ ಬರುವವರು ಯಾರು? ಹೆಸರು ಹಾಕದೆ ವಕೀಲರಿಗೆ ತಿಳಿಸಿದೆ. ಅವರು 1978ರ ಮೋತಿರಾಮ್ ಪ್ರಕರಣ ಬರೆದು ಕಳಿಸಿದರು. ಮೋತಿರಾಮ್ ಮಧ್ಯಪ್ರದೇಶದ ಗಾರೆ ಕೆಲಸದವನು. ಕೆಳಗಿನ ಕೋರ್ಟು 10,000 ರೂಪಾಯಿಯ ಶೂರಿಟಿ ಕೇಳಿ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅಣ್ಣತಮ್ಮನ ಶೂರಿಟಿಯನ್ನು ಒಪ್ಪದೆ ಇದ್ದಾಗ, ಸುಪ್ರೀಂ ಕೋರ್ಟು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿತ್ತು. ಅದನ್ನು ಇಟ್ಟುಕೊಂಡು ನಾನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹುಡುಗನ ಹೆಸರಿನಲ್ಲಿ ಅರ್ಜಿ ಬರೆದೆ. 'ಕಡುಬಡವ', 'ನಿರ್ಗತಿಕ' ಎಂಬ ಮಾತುಗಳನ್ನೆಲ್ಲ ಹೊಡೆದುಹಾಕಿ ಜಾಮೀನು ಆದೇಶದ ದಿನಾಂಕ, ಕೇಳಿದ ಮೊತ್ತ, ಅವನ ಅಪ್ಪನ ವಾರದ ಕೂಲಿ, ಇಷ್ಟನ್ನೇ ಉಳಿಸಿದೆ. ಶೂರಿಟಿಯ ಮೊತ್ತ ಇಳಿಯಿತು, ಹುಡುಗ ಹೋದ. ನಿರ್ಗತಿಕ ಎಂದು ಬರೆದರೆ ಓದುವವರಿಗೆ ಅನುಕಂಪ ಬರಬಹುದು ಅಥವಾ ಬರದೆಯೂ ಇರಬಹುದು. ವಾರದ ಕೂಲಿ ಎಷ್ಟೆಂದು ಬರೆದರೆ ಲೆಕ್ಕ ಹಾಕದೆ ಗತ್ಯಂತರವಿಲ್ಲ. ಇವತ್ತಿಗೂ ನನ್ನ ಕಸುಬು ನಡೆಯುವುದು ಇದೇ ನಂಬಿಕೆಯ ಮೇಲೆ.

ಕೊರೊನಾ ಕಾಲದಲ್ಲಿ ಸಂದರ್ಶನ ನಿಂತಿತು. ಅಂಚೆಯೂ ತಡವಾಗುತ್ತಿತ್ತು. ಆದರೂ ಕಾರ್ಡುಗಳು ಬಂದವು, ಸಾಬೂನಿನಲ್ಲಿ ಕೈ ತೊಳೆದು ಓದಿ ಎಂಬ ಸೂಚನೆಯೊಂದಿಗೆ.

ನಮ್ಮ ನಡುವೆ ದೊಡ್ಡ ಮುನಿಸು ಬಂದದ್ದು ಬಿಡುಗಡೆಯ ವಿಷಯಕ್ಕೆ. ನನ್ನಂಥ ಶಿಕ್ಷೆಯವರಿಗೆ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 433ಎ ಕಲಮಿನ ಪ್ರಕಾರ 14 ವರ್ಷ ಒಳಗೆ ಕಳೆಯುವ ಮೊದಲು ಬಿಡುಗಡೆಯ ಮಾತಿರಲಿಲ್ಲ. 14 ತುಂಬಿತೆಂದರೆ ತಾನಾಗಿ ಬಾಗಿಲು ತೆರೆಯುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ, ಅದು ಸುಳ್ಳು. ಅಲ್ಲಿಂದ ಪಟ್ಟಿ, ಸಮಿತಿ, ಪೊಲೀಸ್ ವರದಿ, ಸರ್ಕಾರದ ಆದೇಶ ಎಂದು ಬೇರೆಯೇ ದಾರಿ ಶುರುವಾಗುತ್ತದೆ. ಆ ಹೊತ್ತಿನಲ್ಲಿ ನಾನು ಕಟ್ಟುಪಾಡು ಮುರಿದು, ದೊಡ್ಡವರೊಬ್ಬರಿಗೆ ನನ್ನ ಪರವಾಗಿ ಒಂದು ಮಾತು ಹೇಳಿ ಎಂದು ವಕೀಲರಿಗೆ ಬರೆದೆ. ಅವರು ಸಾಧ್ಯವಿಲ್ಲ ಎಂದರು. ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೂ ಕೆಳಗೂ ಇರುವವರಿಗೆ ಹೇಳುವವರಿಲ್ಲ, ಒಬ್ಬನಿಗೆ ಹೇಳಿದರೆ ಅವರಿಗೆ ದ್ರೋಹ ಎಂಬುದು ಅವರ ನಿಲುವು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಮಾತು ಕೇಳಿಯೇ ಬೆಳೆದವನು ನಾನು. ಇಷ್ಟು ವರ್ಷ ಮಗ್ಗದ ವಿಭಾಗದಲ್ಲಿ ದುಡಿದದ್ದಕ್ಕೆ, ಅಷ್ಟು ಜನರಿಗೆ ಅರ್ಜಿ ಬರೆದದ್ದಕ್ಕೆ ಇದೇ ಭಿಕ್ಷೆಯೇ ಎಂದು ಖಾರವಾಗಿ ಬರೆದು ಸುಮ್ಮನಾದೆ. ಅವರ ನಿಲುವು ಸರಿ ಎಂದು ನಾನು ಇವತ್ತಿಗೂ ಪೂರ್ತಿ ಒಪ್ಪಿಲ್ಲ.

ನಾನು ಬರೆಯದಿದ್ದರೂ ಕಾರ್ಡುಗಳು ಬರುತ್ತಲೇ ಇದ್ದವು. ಏಕೆ ಬರೆಯಲಿಲ್ಲ ಎಂದು ಒಂದರಲ್ಲೂ ಕೇಳಲಿಲ್ಲ. ಹತ್ತಿಯ ಧಾರಣೆ, ಕೋರ್ಟಿನ ರಜೆ, ಮೊಮ್ಮಗಳ ಪರೀಕ್ಷೆ. 2022ರ ಸೆಪ್ಟೆಂಬರಿನಲ್ಲಿ ಬಂದ ಕಾರ್ಡಿನಲ್ಲಿ ದಪ್ಪಕ್ಷರದ ಒಂದೇ ಸಾಲು: "ಮಾರಿಕಣಿವೆ ಕೋಡಿ ಬಿತ್ತು."

ಬಯಲುಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಮಾರಿಕಣಿವೆ ಎಂದರೆ ವಾಣಿವಿಲಾಸ ಸಾಗರ ಅಣೆಕಟ್ಟು. 1907ರಲ್ಲಿ ಮುಗಿದ ಅದು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ 89 ವರ್ಷ ಮತ್ತೆ ಬಿದ್ದಿರಲಿಲ್ಲ. ನನ್ನ ಅಜ್ಜ ನೋಡಿದ್ದ, ಅಪ್ಪ ನೋಡಿರಲಿಲ್ಲ. ನಮ್ಮೂರು ಇರುವುದು ಅಣೆಕಟ್ಟಿನ ಕೆಳಗೆ ವೇದಾವತಿಯ ದಂಡೆಯಲ್ಲಿ. ನಾನು ಕಂಡಂತೆ ಅದು ನದಿಯಲ್ಲ, ಮರಳು. ಮುನಿಸು ಮರೆತು ಒಂದೇ ಪ್ರಶ್ನೆ ಬರೆದೆ: ನೀರು ನಮ್ಮೂರಿನವರೆಗೆ ಬಂತೇ?

ಆ ವಯಸ್ಸಿನಲ್ಲಿ ವಕೀಲರು ಚಳ್ಳಕೆರೆಗೆ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದು ನಮ್ಮೂರಿಗೆ ಹೋಗಿ ನೋಡಿ ಬಂದರು. ಅಂದು ಮೊದಲ ಬಾರಿಗೆ ಕಾರ್ಡು ಬಿಟ್ಟು ಇನ್‌ಲ್ಯಾಂಡ್ ಲೆಟರ್ ಬಳಸಿದರು. ನೀರು ಕೆಮ್ಮಣ್ಣಿನ ಬಣ್ಣಕ್ಕಿತ್ತು. ಜಾಲಿ ಗಿಡಗಳು ಸೊಂಟದವರೆಗೆ ಮುಳುಗಿದ್ದವು. ಹೆಂಗಸರು ಮೊರದಲ್ಲಿ ಅರಿಸಿನ, ಕುಂಕುಮ, ಬಳೆ ಇಟ್ಟು ಬಾಗಿನ ಬಿಡುತ್ತಿದ್ದರು. ದಂಡೆಯ ಮೇಲೆ ನಿಂತ ಹುಡುಗರಿಗೆ ಈಜು ಬಾರದು, ನದಿಯಿಲ್ಲದ ನದಿ ದಂಡೆಯಲ್ಲಿ ಬೆಳೆದವರಿಗೆ ಹೇಗೆ ಬಂದೀತು ಎಂದು ಟಿಪ್ಪಣಿ ಬೇರೆ. ನನ್ನ ಮನೆಗೂ ಹೋಗಿದ್ದರು, ಅವ್ವ ಕೊಟ್ಟ ಹುರಿದ ಶೇಂಗಾ ತಿಂದಿದ್ದರು. ಕಾಯಿ ಗಟ್ಟಿಯಾಗಿತ್ತು, ಜಳ್ಳಿರಲಿಲ್ಲ ಎಂದು ಬರೆದಿದ್ದರು. ಬಿಡುಗಡೆಯ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಆದೇಶ ಅದರ ಕಾಲಕ್ಕೆ ಬಂತು, ಸನ್ನಡತೆಯ ಪಟ್ಟಿಯಲ್ಲಿ ನಾನೂ ಹೊರಬಂದೆ. ಈಗ ಚಿತ್ರದುರ್ಗದಲ್ಲಿ ಸರ್ಕಾರಿ ಕಚೇರಿಯೊಂದರ ಮುಂದೆ ಕುರ್ಚಿ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುತ್ತೇನೆ. ಪಿಂಚಣಿ, ಖಾತೆ ಬದಲಾವಣೆ, ಬೆಳೆ ಪರಿಹಾರ. ಮಗನೋ ಗಂಡನೋ ಒಳಗಿರುವ ಹೆಂಗಸರು ಜೈಲಿಗೆ ಕಾಗದ ಬರೆಸಲು ಬರುತ್ತಾರೆ. ವಿಳಾಸದಲ್ಲಿ ಕೈದಿ ನಂಬರ್, ತಂದೆಯ ಹೆಸರು ಎರಡನ್ನೂ ಹಾಕುತ್ತೇನೆ, ತಿಪ್ಪೇಸ್ವಾಮಿ ಎಂದಷ್ಟೇ ಬರೆದರೆ ನಮ್ಮ ಸೀಮೆಯವರು ಹತ್ತು ಜನ ಕೈ ಎತ್ತುತ್ತಾರೆ. ಕೇಸಿನ ಸುದ್ದಿ ನಾಲ್ಕು ಸಾಲಿಗೆ ಮುಗಿಸಿ, ಒಳಗಿರುವವನಿಗೇ ಗೊತ್ತಿರುವ ಏನಾದರೂ ಕೇಳಲು ಹೇಳುತ್ತೇನೆ: ಎತ್ತಿಗೆ ಏನು ಔಷಧಿ ಹಾಕುತ್ತಿದ್ದೆ, ಪಂಪಿನ ಸ್ಟಾರ್ಟರ್ ಏಕೆ ಕೈಕೊಡುತ್ತದೆ, ಸೊಸೈಟಿ ಸಾಲದ ಪುಸ್ತಕ ಎಲ್ಲಿಟ್ಟೆ. ಇಂಥ ಕಾಗದಕ್ಕೆ ಉತ್ತರ ತಪ್ಪದೆ ಬರುತ್ತದೆ. ಎಡಗಡೆ ಕೆಳಮೂಲೆ ಖಾಲಿ ಬಿಡುತ್ತೇನೆ.

ಜೈಲಿಗೆ ಹೋಗುವ ಕಾಗದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಇದು ವಕೀಲರಿಗೆ ಸರಿಬಂದಿಲ್ಲ. ದಾವಣಗೆರೆ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ, ಇಬ್ಬರ ಬಳಿಯೂ ಮೊಬೈಲ್ ಇದೆ, ಆದರೂ ಜಗಳ ಕಾರ್ಡಿನಲ್ಲೇ ನಡೆಯುತ್ತಿದೆ. ಪುಕ್ಕಟೆ ಬರೆಸಿಕೊಂಡವರು ತಿದ್ದು ಎಂದು ಹೇಳಲು ಹಿಂಜರಿಯುತ್ತಾರೆ, ಐದು ರೂಪಾಯಿಯಾದರೂ ತೆಗೆದುಕೊ ಎಂದು ಅವರ ವಾದ. ಬಿಡುಗಡೆಯಾದ ಮೇಲೆ ನನ್ನನ್ನು ಏಕವಚನದಲ್ಲಿ ಕರೆಯುತ್ತಾರೆ. ಐದು ರೂಪಾಯಿಗೆ ಹತ್ತು ಕಾರ್ಡು ಬರುತ್ತದೆ, ಅಷ್ಟು ಕಾರ್ಡು ಅವರೇ ಬರೆಯಲಿ ಎಂದು ನಾನು ಉತ್ತರಿಸಿದ್ದೇನೆ. ಅವರ ಮರು ಕಾರ್ಡು ಇನ್ನೂ ಬಂದಿಲ್ಲ.