ಅಂಬಾಸಿಡರ್‌ಗೆ ತಾನಾಗಿ ಡಿಮ್ ಆಗುವ ಹೆಡ್‌ಲೈಟ್: ಕೊನೆಗೂ ಕೆಲಸ ಮಾಡಿದ ಸರ್ಕ್ಯೂಟ್

ಎಲ್‌ಡಿಆರ್ (ಬೆಳಕು ಬಿದ್ದರೆ ರೆಸಿಸ್ಟನ್ಸ್ ಇಳಿಯುವ ಸೆನ್ಸರ್) ಹಾಕಿ ಆಟೊ ಡಿಮ್ಮರ್ ಮಾಡೋದು ಕಾಲೇಜು ಪ್ರಾಜೆಕ್ಟಿಗೆ ಸರಿ, ಹೈವೇಗೆ ಆಗಲ್ಲ ಅಂದವರೇ ಎಲ್ಲ. ಅರ್ಧ ನಿಜ. ಎಲ್‌ಡಿಆರ್‌ನಿಂದ ಆಗಲ್ಲ. ಆದರೆ ಮಾರ್ಕ್ 3 ಅಂಬಾಸಿಡರ್‌ನಲ್ಲಿ ಈಗ ಕೂತಿರುವ ಡಬ್ಬಿಗೆ ತುಮಕೂರು-ಹಿರಿಯೂರು ರಸ್ತೆಯಲ್ಲಿ ರಾತ್ರಿ ಓಡಿಸಿದರೂ ಎಡಗಾಲಿಗೆ ಡಿಪ್ಪರ್ ಸ್ವಿಚ್ಚಿನ ಕೆಲಸವಿಲ್ಲ. ನಕ್ಕಿದ್ದ ಎಲೆಕ್ಟ್ರಿಷಿಯನ್‌ಗಳೇ ಈಗ ಬಂದು ಬಾನೆಟ್ ಎತ್ತಿ ನೋಡುತ್ತಾರೆ.

ಐಡಿಯಾ ಹೊಸದೇನಲ್ಲ. 1952ರಲ್ಲೇ ಜನರಲ್ ಮೋಟಾರ್ಸ್ ಕಂಪನಿ ಕ್ಯಾಡಿಲಾಕ್, ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ‘ಆಟ್ರಾನಿಕ್ ಐ’ ಅಂತ ಕೊಟ್ಟಿತ್ತು. ಡ್ಯಾಷ್‌ಬೋರ್ಡ್ ಮೇಲೊಂದು ಕಣ್ಣು, ಒಳಗೆ ಮಂದ ಬೆಳಕನ್ನೂ ಹಿಡಿಯುವ ಫೋಟೊಮಲ್ಟಿಪ್ಲಯರ್ ಟ್ಯೂಬು, ಅದಕ್ಕೆ ನೂರಾರು ವೋಲ್ಟು. ಟ್ಯೂಬು ನಮಗೆ ಬೇಡ. ಅವರಿಂದ ಎತ್ತಿಕೊಳ್ಳಬೇಕಾದ ಬುದ್ಧಿ ಬೇರೆ ಇದೆ: ಡಿಮ್ ಆಗೋಕೆ ಎಷ್ಟು ಬೆಳಕು ಬೇಕೋ, ಡಿಮ್‌ನಲ್ಲೇ ಉಳಿಯೋಕೆ ಅದರ ಸಣ್ಣ ಪಾಲು ಸಾಕಾಗಬೇಕು. ಕಾರಣ ಸರಳ. ನಾವು ಡಿಮ್ ಮಾಡಿದ ಕೂಡಲೇ ಎದುರಿನವನೂ ಡಿಮ್ ಮಾಡುತ್ತಾನೆ, ನಮ್ಮ ಸೆನ್ಸರ್ ಕಣ್ಣಿಗೆ ಬೀಳುವ ಬೆಳಕು ಹಲವು ಪಟ್ಟು ಇಳಿಯುತ್ತೆ. ಸಾಮಾನ್ಯ ಸರ್ಕ್ಯೂಟು ‘ಗಾಡಿ ಹೋಯ್ತು’ ಅಂದುಕೊಂಡು ಮತ್ತೆ ಬ್ರೈಟ್ ಹಾಕುತ್ತೆ. ಎದುರಿನವನು ಸಿಟ್ಟಿನಿಂದ ಬ್ರೈಟ್ ಹೊಡೀತಾನೆ, ಇದು ಡಿಮ್ ಆಗುತ್ತೆ. ಗಾಡಿ ದಾಟುವವರೆಗೂ ಇದೇ ಜಗಳ. ಸಿಗುವ ರೆಡಿಮೇಡ್ ಕಿಟ್‌ಗಳು ಮುಗ್ಗರಿಸೋದು ಇಲ್ಲೇ.

ಮೊದಲು ಕಣ್ಣಿನ ವಿಷಯ. ಎಲ್‌ಡಿಆರ್‌ನ ತೊಂದರೆ ನಿಧಾನ ಮಾತ್ರ ಅಲ್ಲ. ಹಗಲೆಲ್ಲ ಬಿಸಿಲಲ್ಲಿ ನಿಂತ ಗಾಡಿಯಲ್ಲೂ ಶೆಡ್ಡಿನಲ್ಲಿದ್ದ ಗಾಡಿಯಲ್ಲೂ ಅದೇ ಎಲ್‌ಡಿಆರ್ ಸಂಜೆ ಬೇರೆ ಬೇರೆ ರೀಡಿಂಗ್ ಕೊಡುತ್ತೆ, ಹಿಂದೆ ಕಂಡ ಬೆಳಕಿನ ನೆನಪು ಅದಕ್ಕೆ ಅಂಟಿಕೊಂಡಿರುತ್ತೆ. ಹಾಗಾಗಿ ಬಿಪಿಡಬ್ಲ್ಯು 34 ಫೋಟೊಡಯೋಡ್, ಅಂದರೆ ಬೆಳಕು ಬಿದ್ದರೆ ಕರೆಂಟ್ ಕೊಡುವ ಸಿಲಿಕಾನ್ ಚೂರು. ಇದರಲ್ಲಿ ಇನ್ನೊಂದು ತೊಡಕು ಇದೆ. ಸಿಲಿಕಾನ್‌ಗೆ ಇನ್‌ಫ್ರಾರೆಡ್ ಚೆನ್ನಾಗಿ ಕಾಣುತ್ತೆ. ಹ್ಯಾಲೋಜನ್ ಲಾರಿ ಅರ್ಧ ಕಿಲೋಮೀಟರ್ ದೂರದಲ್ಲೇ ಕಾಣುತ್ತೆ, ಎಲ್‌ಇಡಿ ಲೈಟಿನ ಹೊಸ ಕಾರು ಮೂಗಿನ ಹತ್ತಿರ ಬಂದರೂ ಕಾಣಲ್ಲ, ಯಾಕೆಂದರೆ ಬಿಳಿ ಎಲ್‌ಇಡಿಯಲ್ಲಿ ಇನ್‌ಫ್ರಾರೆಡ್ ಇಲ್ಲವೇ ಇಲ್ಲ ಅನ್ನಬಹುದು. ಪರಿಹಾರ ಗುಜರಿಯಲ್ಲಿದೆ: ಕೆಟ್ಟ ವೆಬ್‌ಕ್ಯಾಮ್ ಬಿಚ್ಚಿ. ಲೆನ್ಸಿನ ಹಿಂದೆ, ಓರೆಯಾಗಿ ಹಿಡಿದರೆ ಕೆಂಪಗೆ ಹೊಳೆಯುವ ಗಾಜಿನ ಚೂರು ಸಿಗುತ್ತೆ, ಅದೇ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್. ಡಯೋಡ್ ಮುಂದೆ ಕೂರಿಸಿದರೆ ಸಿಗ್ನಲ್ ಐದರಲ್ಲೊಂದು ಪಾಲಿಗೆ ಇಳಿಯುತ್ತೆ, ಆದರೆ ಲಾರಿ, ಕಾರು ಎರಡೂ ಹೆಚ್ಚುಕಡಿಮೆ ಒಂದೇ ದೂರಕ್ಕೆ ಕಾಣುತ್ತವೆ. ಬಿಪಿಡಬ್ಲ್ಯು 21 ಹಾಕಿದರೆ ಫಿಲ್ಟರ್ ತಾಪತ್ರಯ ಇಲ್ಲ. ಅದರ ರೇಟು ಕೇಳಿ ವಾಪಸ್ ಬಂದೆ.

ಲೆನ್ಸ್ ಅಂದರೆ ಗಡಿಯಾರ ರಿಪೇರಿಯವರ 10ಎಕ್ಸ್ ಲೂಪ್, ಕಣ್ಣಿಗೆ ಹಿಡಿಯುವ ಭೂತಗನ್ನಡಿ. ಫೋಕಲ್ ಲೆಂಗ್ತ್ 25 ಮಿ.ಮೀ., ಅಗಲ 20ರ ಹತ್ತಿರ. ಡಯೋಡಿನೊಳಗೆ ಬೆಳಕು ಹಿಡಿಯುವ ಚಿಪ್ 2.7 ಮಿ.ಮೀ. ಇರೋದರಿಂದ ಅಡ್ಡಕ್ಕೆ 6 ಡಿಗ್ರಿ ನೋಟ ಸಿಗುತ್ತೆ, ಅದು ಸಾಕು. ಲಂಬಕ್ಕೆ ಅಷ್ಟು ಬೇಡ. ಹಿತ್ತಾಳೆ ತಗಡಿನಲ್ಲಿ ಒಂದೂವರೆ ಮಿ.ಮೀ. ಸೀಳು ಬಿಟ್ಟು ಉಳಿದದ್ದು ಮುಚ್ಚಿ, ಮೂರೂವರೆ ಡಿಗ್ರಿ ಆಗುತ್ತೆ. ಬೀದಿದೀಪಗಳು ಹೊರಗೆ ಉಳಿಯೋದು ಇದರಿಂದಲೇ. ನಾವು ರಸ್ತೆಯ ಎಡಕ್ಕೆ ಓಡಿಸುವವರು, ಎದುರು ಗಾಡಿ ಬರೋದು ಬಲದಿಂದ, ಹಾಗಾಗಿ ಕಣ್ಣು 2 ಡಿಗ್ರಿ ಬಲಕ್ಕೆ ತಿರುಗಿರಲಿ. ಲೆನ್ಸು, ಡಯೋಡ್ ಕೂರಿಸಿದ ಕೊಳವೆಯ ಒಳಮೈಗೆ ಏನು ಬಳಿದಿದ್ದೇನೆ ಅನ್ನೋದನ್ನು ಬರೆಯಲ್ಲ. ಬರೀ ಕಪ್ಪು ಪೇಂಟ್ ಸಾಕಾಗಲ್ಲ ಅಂತ ಮಾತ್ರ ಹೇಳಬಲ್ಲೆ.

ಕೂರಿಸುವ ಜಾಗ ಒಳಗಿನ ಕನ್ನಡಿಯ ಹಿಂದೆ, ವೈಪರ್ ಒರೆಸುವ ಗಾಜಿನ ಭಾಗದಲ್ಲಿ. ಡ್ಯಾಷ್‌ಬೋರ್ಡ್ ಮೇಲಿಟ್ಟರೆ ಅಂಬಾಸಿಡರ್‌ನ ಉಬ್ಬಿದ ಬಾನೆಟ್ಟಿನಿಂದ, ಅದೂ ಬಿಳಿ ಗಾಡಿಯಾದರೆ, ಬೀದಿದೀಪ ಮಿಂಚಿ ಒಳಗೆ ಬರುತ್ತೆ.

ಸರ್ಕ್ಯೂಟು ಗೊತ್ತಿರುವವರಿಗೆ ಇಷ್ಟು ಸಾಕು. ಡಯೋಡಿಗೆ ರಿವರ್ಸ್ ಬಯಾಸ್ ಬೇಡ, ಬಿಸಿಲಿನ ಕಾವಿಗೆ ಲೀಕೇಜ್ ಏರುತ್ತೆ. ಆ ಸಣ್ಣ ಕರೆಂಟನ್ನು ವೋಲ್ಟೇಜ್ ಮಾಡೋಕೆ ಸಿಎ 3140 ಆಪ್-ಆಂಪ್, ಫೀಡ್‌ಬ್ಯಾಕ್ 2.2 ಮೆಗಓಮ್ ಮತ್ತು 47 ನ್ಯಾನೊಫ್ಯಾರಡ್. 300 ಮೀಟರ್ ದೂರದ ಬ್ರೈಟ್ ಲೈಟಿಗೆ ಔಟ್‌ಪುಟ್ 0.9 ವೋಲ್ಟ್ ಆಸುಪಾಸು. ಎಲ್‌ಎಂ 358 ಹಾಕಬೇಡಿ, ಅದರ ಬಯಾಸ್ ಕರೆಂಟೇ ಇಷ್ಟು ದೊಡ್ಡ ರೆಸಿಸ್ಟರಿನಲ್ಲಿ 100 ಮಿಲಿವೋಲ್ಟ್ ಸುಳ್ಳು ಹೇಳುತ್ತೆ. ಆಮೇಲೆ ಎಲ್‌ಎಂ 339, ಎರಡು ವೋಲ್ಟೇಜ್ ಹೋಲಿಸುವ ಕಂಪ್ಯಾರೇಟರ್‌ಗಳ ಐಸಿ. ಅದರ ರೆಫರೆನ್ಸ್ (ಹೋಲಿಸುವ ವೋಲ್ಟೇಜ್) 8 ವೋಲ್ಟನ್ನು 68ಕೆ, 8.2ಕೆ ರೆಸಿಸ್ಟರ್‌ಗಳಿಂದ ಭಾಗಿಸಿ. ಮೊದಲ ಕಂಪ್ಯಾರೇಟರ್ ಡಿಮ್ ಆದಾಗ 1ಕೆ ಮೂಲಕ ರೆಫರೆನ್ಸನ್ನೇ ನೆಲಕ್ಕೆ ಎಳೀಬೇಕು. 0.86 ವೋಲ್ಟ್ ಇದ್ದದ್ದು 0.1ಕ್ಕೆ ಬರುತ್ತೆ, ಎಂಟು ಪಟ್ಟು ವ್ಯತ್ಯಾಸ. ಇದೇ ಆಟ್ರಾನಿಕ್ ಬುದ್ಧಿ. ಈ ಕಂಪ್ಯಾರೇಟರಿಗೆ ಬೇರೆ ಯಾವ ಕೆಲಸವನ್ನೂ ಕೊಡಬೇಡಿ, ಪುಲ್-ಅಪ್ ರೆಸಿಸ್ಟರ್ ಹಾಕಿದರೆ ಅದರ ಕರೆಂಟ್ 1ಕೆ ಮೂಲಕ ರೆಫರೆನ್ಸನ್ನು ಮೇಲಕ್ಕೆ ತಳ್ಳುತ್ತೆ. ಅದೇ ಇನ್‌ಪುಟ್‌ಗಳನ್ನು ಎರಡನೇ ಕಂಪ್ಯಾರೇಟರಿಗೂ ಕೊಟ್ಟು, ಅದರಿಂದ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಖಾಲಿ ಮಾಡಿಸಿ. 330ಕೆ ಮೂಲಕ ಅದು ತುಂಬಿ 4 ವೋಲ್ಟ್ ದಾಟಿದರೆ ಮೂರನೆಯದು ರಿಲೇ ಎಳೆಯುತ್ತೆ.

ಆ 330ಕೆಗೆ ಲೆಕ್ಕ ಇದೆ. ನಾಲ್ಕು ಪಥದ ರಸ್ತೆಯಲ್ಲಿ ಎದುರು ಗಾಡಿ ನೂರು ಮೀಟರ್ ದೂರ ಇರುವಾಗಲೇ ಕಣ್ಣಿನ ಬಲ ಅಂಚಿನಿಂದ ಜಾರುತ್ತೆ. ಎರಡೂ 80ರಲ್ಲಿದ್ದರೆ ಆ ನೂರು ಮೀಟರಿಗೆ 2.3 ಸೆಕೆಂಡು. ಡಿಮ್ ಆಗೋದು ತಕ್ಷಣ, ಬ್ರೈಟ್ ಬರೋದು ಅಷ್ಟು ತಡವಾಗಿ. ಡಿವೈಡರ್ ಮೇಲಿನ ಕಣಗಿಲೆ ಗಿಡಗಳ ಸಂದಿಯಲ್ಲಿ ಬೆಳಕು ಪಟಪಟ ಅಂದಾಗ ಲೈಟು ಕುಣಿಯದಿರೋದೂ ಈ ತಡದಿಂದಲೇ.

ರಿಲೇ ಡ್ರೈವರ್‌ಗೆ ಬಿಸಿ 547 ಟ್ರಾನ್ಸಿಸ್ಟರ್ ಹಾಕಿ ಸುಟ್ಟುಕೊಂಡವರು ಬಹಳ. ರಿಲೇ ಕಾಯಿಲ್ 150 ಮಿಲಿಆಂಪ್ ಕೇಳುತ್ತೆ, 547ರ ಮಿತಿ 100. ಬಿಸಿ 337 ಹಾಕಿ. ಐದು ಪಿನ್ನಿನ ಕಾರ್ ರಿಲೇಯಲ್ಲಿ 87ಎ (ಕಾಯಿಲ್‌ಗೆ ಕರೆಂಟಿಲ್ಲದಾಗ 30ನೇ ಪಿನ್ನಿಗೆ ತಾಗಿರುವುದು) ಡಿಮ್ಮಿಗೆ, 87 ಬ್ರೈಟಿಗೆ. ಸರ್ಕ್ಯೂಟು ಸತ್ತರೂ ಡಿಮ್ ಉಳಿಯುತ್ತೆ, ಕತ್ತಲಾಗಲ್ಲ. 30ನೇ ಪಿನ್ನಿಗೆ ಕಾಲಿನ ಡಿಪ್ಪರ್‌ನ ಬ್ರೈಟ್ ವೈರು ಕೊಟ್ಟರೆ ಕಾಲು ಸ್ವಿಚ್ಚು ಒಂದು ಕಡೆ ಆಟೊ, ಇನ್ನೊಂದು ಕಡೆ ಖಾಯಂ ಡಿಮ್. ನೀಲಿ ಇಂಡಿಕೇಟರ್ ರಿಲೇ ದಾಟಿದ ಮೇಲೆ ಬರಲಿ. ಹಳೆಯ ಲೂಕಾಸ್ ವೈರಿಂಗ್ ಗಾಡಿಯಾದರೆ ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ಬಾಡಿಗೆ ಕೊಟ್ಟಿರೋದು) ಇದೆಯಾ ಅಂತ ಬ್ಯಾಟರಿ ನೋಡಿ, ಆಮೇಲೆ ಮುಟ್ಟಿ.

ಇದರ ಜೊತೆಗೇ ಬೆಳಕೂ ಏರಿತು, ಆದರೆ ಅದು ಡಿಮ್ಮರ್ ಪವಾಡ ಅಲ್ಲ. ಹಳೆಯ ಸ್ವಿಚ್ಚು, ವೈರು ದಾಟಿ ಬಲ್ಬಿಗೆ ಹತ್ತಿರಹತ್ತಿರ 10.8 ವೋಲ್ಟ್ ಸಿಗುತ್ತಿತ್ತು. ಡಿಪ್ಪರ್ ವೈರಿನಿಂದ ಇನ್ನೊಂದು ರಿಲೇ ಎಳೆಸಿ, ಆ ಎರಡನೇ ರಿಲೇಯ 30ನೇ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸ್ ಹಾಕಿದ 2.5 ಸ್ಕ್ವೇರ್ (ಚದರ ಮಿ.ಮೀ.) ವೈರು ತಂದ ಮೇಲೆ 13 ದಾಟಿತು. ಬಲ್ಬು ಅದೇ, ಬೆಳಕು ಸುಮಾರು ಎರಡರಷ್ಟು. ಡೈನಮೊ ಗಾಡಿಗೆ 100/90 ವ್ಯಾಟ್ ಬಲ್ಬು ಹಾಕುವ ಆಸೆ ಬಿಡಿ, ಐಡಲ್‌ನಲ್ಲಿ ಬ್ಯಾಟರಿ ಕುಸಿಯುತ್ತೆ.

ನಡುವೆ ಒಂದು ಅಡ್ಡದಾರಿ ಹಿಡಿದಿದ್ದೆ. ಬೀದಿದೀಪ ಕರೆಂಟಿನಿಂದ ಉರಿಯೋದು, ಸೆಕೆಂಡಿಗೆ 100 ಸಲ ಮಿನುಗುತ್ತೆ. ಗಾಡಿ ಲೈಟು ಬ್ಯಾಟರಿಯದು, ಮಿನುಗಲ್ಲ. ಮಿನುಗುವ ಬೆಳಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಫಿಲ್ಟರ್ ಕಟ್ಟಿದೆ. ಸೋಡಿಯಂ ದೀಪದ ರಸ್ತೆಯಲ್ಲಿ ಅದ್ಭುತ. ಈಗಿನ ಒಳ್ಳೆ ಎಲ್‌ಇಡಿ ಬೀದಿದೀಪಗಳು ಮಿನುಗಲ್ಲ, ಕೆಲವು ಕಾರಿನ ಎಲ್‌ಇಡಿಗಳೇ ಮಿನುಗುತ್ತವೆ. ಬೋರ್ಡು ಡ್ರಾಯರ್ ಸೇರಿತು.

ಸೆಟ್ಟಿಂಗ್ ಮಾಡೋಕೆ ನೇರ ರಸ್ತೆ, 200 ಮೀಟರ್ ಕಲ್ಲುಗಳು ಸಾಕು. ಎರಡನೇ ಗಾಡಿಯನ್ನು ಒಂದೂವರೆ ಕಲ್ಲು ದೂರ ನಿಲ್ಲಿಸಿ ಬ್ರೈಟ್ ಹಾಕಿಸಿ, ಡಿಮ್ ಆಗುವವರೆಗೆ ಪ್ರಿಸೆಟ್ (ಸ್ಕ್ರೂಡ್ರೈವರಿನಿಂದ ಹೊಂದಿಸುವ ಸಣ್ಣ ರೆಸಿಸ್ಟರ್) ತಿರುಗಿಸಿ, ನೇಲ್ ಪಾಲಿಷ್ ಹಚ್ಚಿ. ಇಲ್ಲದಿದ್ದರೆ ಆ ಎಂಜಿನ್ನಿನ ನಡುಕಕ್ಕೆ ವಾರದೊಳಗೆ ಸೆಟ್ಟಿಂಗ್ ಓಡಿಹೋಗುತ್ತೆ. ಮಲೆನಾಡಿನ ಮಳೆಗೆ 2.2 ಮೆಗಓಮ್ ಸುತ್ತ ವಾರ್ನಿಷ್ ಕಡ್ಡಾಯ.

ಸೆಟ್ಟಿಂಗ್ ಎಲ್ಲ ಸರಿ ಇದ್ದೂ ಮದುವೆ ಸೀಸನ್ನಿನಲ್ಲಿ ಕೆಟ್ಟಂತೆ ಕಂಡಿತು. ಹಿಂದಿನ ಸೀಟಿನಲ್ಲಿ ಐದು ಜನ, ಡಿಕ್ಕಿ ತುಂಬ ಪಾತ್ರೆ, ಲೀಫ್ ಸ್ಪ್ರಿಂಗ್ ಕುಸಿದು ಗಾಡಿ ಮೂಗೆತ್ತುತ್ತೆ. ಕಣ್ಣು ಒಂದು ಡಿಗ್ರಿ ಮೇಲೆ ನೋಡಿದರೂ ಊರಿನ ದೀಪಗಳೆಲ್ಲ ಒಳಗೆ. ಬ್ರಾಕೆಟ್ಟಿಗೆ ‘ಖಾಲಿ’, ‘ಲೋಡ್’ ಅಂತ ಎರಡು ತೂತು ಕೊರೆದ ಮೇಲೆ ಸರಿಹೋಯ್ತು. ಹೆಡ್‌ಲೈಟನ್ನೂ ಆಗ ತಗ್ಗಿಸಬೇಕು, ಅದು ಬೇರೆ ಮಾತು.

ಖರ್ಚು ನೆನಪಿನಿಂದ: ಬೆಂಗಳೂರಿನ ಎಸ್.ಪಿ. ರೋಡಿನ ಬಿಡಿಭಾಗ ನಾನೂರು ಚಿಲ್ಲರೆ, ಲೂಪ್ ಇನ್ನೂರು, ಜೆ.ಸಿ. ರೋಡಿನ ರಿಲೇ, ವೈರು, ಫ್ಯೂಸ್ ಎಂಟುನೂರು. ಒಟ್ಟು ಸಾವಿರದ ಐನೂರರೊಳಗೆ. ಇಲ್ಲಿಗೆ ಬರುವ ಮೊದಲು ಕಸಕ್ಕೆ ಹೋದದ್ದು ಅದರ ಎರಡರಷ್ಟಾದರೂ ಇದೆ. ಘಾಟಿಯಲ್ಲಿ ಮಾತ್ರ ಇದನ್ನು ನೆಚ್ಚಬೇಡಿ. ಚಾರ್ಮಾಡಿಯ ತಿರುವಿನಲ್ಲಿ ಎದುರು ಗಾಡಿ ಕಣ್ಣಿನ 6 ಡಿಗ್ರಿಯೊಳಗೆ ಬರೋದೇ ಕೊನೇ ಕ್ಷಣಕ್ಕೆ, ಅಲ್ಲಿ ಕಾಲು ಸ್ವಿಚ್ಚೇ ಗತಿ. ಪ್ರೀಮಿಯರ್ ಪದ್ಮಿನಿ ಕಾರಿನಲ್ಲಿ ಡಿಪ್ಪರ್ ಸ್ಟೀರಿಂಗ್ ಕಡ್ಡಿಯಲ್ಲಿದೆ, ವೈರು ಹಿಡಿಯುವ ಜಾಗ ಬೇರೆ, ಉಳಿದದ್ದೆಲ್ಲ ಇದೇ.